ಪ್ಲಗ್ ಕಿತ್ತವರ ಪರವಾಗಿ

ಮಲೆನಾಡಿನಲ್ಲಿ ಏಪ್ರಿಲ್ ಕಳೆಯುವ ಹೊತ್ತಿಗೆ, ಮಧ್ಯಾಹ್ನದ ಮೇಲೆ ಗುಡ್ಡದ ನೆತ್ತಿಯಲ್ಲಿ ಮೋಡ ಕಟ್ಟಿತೆಂದರೆ ಮನೆಮನೆಯಲ್ಲೂ ಒಂದೇ ಕೂಗು: ‘ಪ್ಲಗ್ ಕಿತ್ಹಾಕ್ರೋ!’ ಸ್ವಿಚ್ ಆಫ್ ಮಾಡಿದರೆ ಸಾಲದು. ಸ್ವಿಚ್ಚಿನೊಳಗಿನ ಕೆಲವೇ ಮಿಲಿಮೀಟರ್ ಅಂತರ ಸಿಡಿಲಿಗೆ ಲೆಕ್ಕಕ್ಕಿಲ್ಲ, ಹಾರಿ ದಾಟಿಬಿಡುತ್ತದೆ. ಇದನ್ನು ಇಲ್ಲಿ ಯಾರೂ ಪುಸ್ತಕ ಓದಿ ತಿಳಿದುಕೊಂಡಿದ್ದಲ್ಲ. ಸುಟ್ಟ ಟಿವಿ, ಸುಟ್ಟ ಮೋಡೆಮ್, ಕರಕಲಾದ ಪಂಪ್‌ಸೆಟ್ ಸ್ಟಾರ್ಟರ್ ಕಲಿಸಿದ ಪಾಠ ಅದು.

ನಾನು ಕಂಪ್ಯೂಟರ್ ಪಾಠ ಹೇಳುವ ಕಾಲೇಜಿನ ಅಟೆಂಡರ್ ಆ ಪಾಠವನ್ನು ಚೆನ್ನಾಗಿ ಕಲಿತವರು. ಮೂರು ವರ್ಷದ ಹಿಂದೆ ಒಂದು ಶನಿವಾರ ಸಂಜೆ ಗುಡುಗು ಶುರುವಾಯಿತು. ನಾವೆಲ್ಲ ಮನೆ ಸೇರಿದ್ದೆವು. ಅವರು ಬೀಗದ ಗೊಂಚಲು ಹಿಡಿದು ಲ್ಯಾಬಿನ ಪ್ಲಗ್‌ಗಳನ್ನೆಲ್ಲ ಒಂದೊಂದಾಗಿ ಕಿತ್ತರು. ಕೊನೆಗೆ ಮೂಲೆಯ ರ್‍ಯಾಕಿನಲ್ಲಿ ಮಿಣುಮಿಣುಗುಟ್ಟುತ್ತಿದ್ದ ಪೆಟ್ಟಿಗೆ ಕಂಡಿತು. ಅದನ್ನೂ ಯುಪಿಎಸ್‌ನಿಂದ ಕಿತ್ತು, ಬಾಗಿಲು ಹಾಕಿಕೊಂಡು ಹೋದರು. ಆ ಪೆಟ್ಟಿಗೆಯೇ ನಮ್ಮ ಫೈರ್‌ವಾಲ್. ಇಡೀ ಕಾಲೇಜು ಇಂಟರ್ನೆಟ್ಟಿಗೆ ಹೋಗಿಬರುವ ಒಂದೇ ಬಾಗಿಲು.

ಸೋಮವಾರ ಬೆಳಿಗ್ಗೆ ಅದು ಏಳಲಿಲ್ಲ. ಮಾನಿಟರ್ ಜೋಡಿಸಿ ನೋಡಿದರೆ ಡಿಸ್ಕ್ ಪರೀಕ್ಷೆ ಅರ್ಧಕ್ಕೆ ನಿಂತು, ಕೈಯಾರೆ ಸರಿಮಾಡಿ ಎಂದು ಬೇಡುತ್ತಿತ್ತು. ಸರಿಮಾಡಿ ಎಬ್ಬಿಸಿದರೆ, ಅದರ ನಿಯಮಗಳೆಲ್ಲ ಇರಬೇಕಾದ ಕಡತದ ಗಾತ್ರ ಸೊನ್ನೆ. ಹೆಸರು ಇತ್ತು, ಒಳಗೆ ಒಂದಕ್ಷರವಿರಲಿಲ್ಲ. ನನ್ನ ಹತ್ತಿರವಿದ್ದ ಬ್ಯಾಕಪ್ ಎಂಟು ತಿಂಗಳು ಹಳೆಯದು. ವಿದ್ಯಾರ್ಥಿವೇತನದ ಅರ್ಜಿ ತುಂಬಲು ಮಕ್ಕಳು ಸಾಲುಗಟ್ಟಿ ನಿಂತಿದ್ದ ದಿನ ಅದು. ಎಲ್ಲ ಒಂದು ಹದಕ್ಕೆ ಬರುವಾಗ ಸಂಜೆ ಐದಾಗಿತ್ತು.

ಪ್ರಾಂಶುಪಾಲರ ಕೊಠಡಿಗೆ ಅಟೆಂಡರನ್ನು ಕರೆಸಲಾಯಿತು. ಕೇಳದೆ ಮುಟ್ಟಿದ್ದು ಯಾಕೆ ಎಂಬ ಪ್ರಶ್ನೆಗೆ ಅವರು ಹೇಳಿದ್ದು ಇಷ್ಟೇ: ‘ಗುಡುಗ್ತಿತ್ತು ಸಾರ್.’ ಮೆಮೊ ಕೊಟ್ಟರು. ನಾನು ಪಕ್ಕದಲ್ಲೇ ನಿಂತಿದ್ದೆ, ಬಾಯಿ ಬಿಡಲಿಲ್ಲ.

ಅಂದು ನುಂಗಿದ ಮಾತನ್ನು ಇಲ್ಲಿ ಹೇಳುತ್ತೇನೆ. ಆ ಪೆಟ್ಟಿಗೆ ಹಳೆಯದೊಂದು ಡೆಸ್ಕ್‌ಟಾಪ್ ಕಂಪ್ಯೂಟರಿಗೆ ಇನ್ನೊಂದು ನೆಟ್‌ವರ್ಕ್ ಕಾರ್ಡ್ ಸಿಕ್ಕಿಸಿ ನಾನೇ ಕಟ್ಟಿದ್ದು. ಎದುರಿಗೆ ಪವರ್ ಗುಂಡಿ ಇತ್ತು. ಹುಡುಗರು ಯಾರಾದರೂ ಒತ್ತಿಯಾರು ಎಂದು ಗುಂಡಿಯ ವೈರನ್ನು ಒಳಗಿನಿಂದ ಬಿಡಿಸಿಟ್ಟಿದ್ದೆ. ಕರೆಂಟ್ ಬಂದರೆ ತಾನಾಗಿ ಏಳುವಂತೆ ಬಯಾಸ್‌ನಲ್ಲಿ ಹೊಂದಿಸಿದ್ದೆ. ಪಾಸ್‌ವರ್ಡ್ ನನ್ನ ತಲೆಯಲ್ಲಿತ್ತು. ಅಂದರೆ ಅದನ್ನು ಮರ್ಯಾದೆಯಿಂದ ನಿಲ್ಲಿಸುವ ದಾರಿ ನನ್ನೊಬ್ಬನ ಬಳಿ, ಕೊಲ್ಲುವ ದಾರಿ ಮಾತ್ರ ಕೋಣೆಗೆ ಬಂದ ಎಲ್ಲರ ಬಳಿ. ಇಂಥ ವ್ಯವಸ್ಥೆ ಮಾಡಿಟ್ಟವನಿಗೆ ಮೆಮೊ ಕೊಡಬೇಕೋ, ಗುಡುಗಿಗೆ ಪ್ಲಗ್ ಕಿತ್ತವರಿಗೋ?

ಇದು ನನ್ನೊಬ್ಬನ ತಪ್ಪಾಗಿದ್ದರೆ ಲೇಖನ ಬರೆಯುವ ಅಗತ್ಯವಿರಲಿಲ್ಲ, ಕ್ಷಮೆ ಕೇಳಿದ್ದರೆ ಸಾಕಿತ್ತು. ಆದರೆ ಅಂಗಡಿಯಲ್ಲಿ ಸಿಗುವ ಪುಟ್ಟ ಫೈರ್‌ವಾಲ್‌ಗಳನ್ನು ತಿರುಗಿಸಿ ಮುರುಗಿಸಿ ನೋಡಿ. ನೆಟ್‌ಗೇಟ್ 1100ರಂಥ ಅಂಗೈಯಗಲದ ಪೆಟ್ಟಿಗೆಗೆ ಪವರ್ ಸ್ವಿಚ್ಚೇ ಇಲ್ಲ. ಮೊದಲು ತಂತ್ರಾಂಶದೊಳಗೆ ಹೋಗಿ ‘ಹಾಲ್ಟ್’ ಕೊಡಿ, ಆಮೇಲೆ ವೈರ್ ಕೀಳಿ ಎನ್ನುತ್ತದೆ ಅದರ ಕೈಪಿಡಿ. ಫೋರ್ಟಿಗೇಟ್‌ಗೆ ‘ಎಕ್ಸಿಕ್ಯೂಟ್ ಶಟ್‌ಡೌನ್’ ಎಂಬ ಆದೇಶವಿದೆ, ಪಾಲೊ ಆಲ್ಟೊಗೆ ‘ರಿಕ್ವೆಸ್ಟ್ ಶಟ್‌ಡೌನ್ ಸಿಸ್ಟಮ್’. ಎಲ್ಲದಕ್ಕೂ ಮೊದಲು ಅಡ್ಮಿನ್ ಆಗಿ ಒಳಹೊಗಬೇಕು. ಹೀಗೆ ಮಾಡದೆ ಕರೆಂಟ್ ತೆಗೆದರೆ ಫೋರ್ಟಿಗೇಟ್ ಮುಂದಿನ ಸಲ ಲಾಗಿನ್ ಆದವರಿಗೆ ದೂರು ಹೇಳುತ್ತದೆ: ನನ್ನನ್ನು ಸರಿಯಾಗಿ ನಿಲ್ಲಿಸಿಲ್ಲ, ಡಿಸ್ಕ್ ಪರೀಕ್ಷೆ ಮಾಡಿಸಿ ಎಂದು. ದೂರು ಹೇಳಲು ಬರುವ ಯಂತ್ರಕ್ಕೆ ಹೊರಮೈಯಲ್ಲಿ ಒಂದು ಗುಂಡಿ ಇಡಿಸಿಕೊಳ್ಳಲು ಬಾರದೆ ಹೋಯಿತಲ್ಲ!

ಇಲ್ಲಿ ಒಂದು ಭ್ರಮೆಯನ್ನು ಬಿಡಿಸಿಕೊಳ್ಳಬೇಕು. ಫ್ಯಾನು, ಟ್ಯೂಬ್‌ಲೈಟು, ಮಿಕ್ಸಿಗಳನ್ನು ಆರಿಸಿ ಅಭ್ಯಾಸವಾದ ನಮಗೆ ಪರದೆ ಕೀಲಿಮಣೆಗಳಿಲ್ಲದ ಪೆಟ್ಟಿಗೆ ಕಂಡರೆ ಅದೂ ಆ ಜಾತಿಯದೇ ಅನ್ನಿಸುತ್ತದೆ. ಫೈರ್‌ವಾಲ್ ಎಂಬುದು ಪೂರಾ ಕಂಪ್ಯೂಟರ್. ಒಳಗೆ ಪ್ರೊಸೆಸರ್, ಮೆಮೊರಿ, ಡಿಸ್ಕ್, ಆಪರೇಟಿಂಗ್ ಸಿಸ್ಟಮ್ ಎಲ್ಲವೂ ಇವೆ. 2004ರಲ್ಲಿ ಶುರುವಾದ ಫೈರ್‌ವಾಲ್ ತಂತ್ರಾಂಶ ಪಿಎಫ್‌ಸೆನ್ಸ್ ಫ್ರೀಬಿಎಸ್‌ಡಿ ಎಂಬ ಯೂನಿಕ್ಸ್ ವಂಶದ ವ್ಯವಸ್ಥೆಯ ಮೇಲೆ ನಿಂತಿದೆ. ಅದರಿಂದ ಕವಲೊಡೆದು 2015ರಲ್ಲಿ ಬಂದ ಓಪಿಎನ್‌ಸೆನ್ಸ್ ಕೂಡ ಹಾಗೆಯೇ. ಹಳೆಯ ಸಿಸ್ಕೊ ರೂಟರ್‌ಗಳನ್ನು ಕಂಡವರು ‘ನಾವು ಸುಮ್ಮನೆ ಸ್ವಿಚ್ ತೆಗೀತಿದ್ವಿ, ಏನೂ ಆಗ್ತಿರ್ಲಿಲ್ಲ’ ಅನ್ನುವುದುಂಟು. ನಿಜ. ಅವುಗಳ ಸಂರಚನೆ ಬೇರೆಯದೇ ಚಿಪ್ಪಿನಲ್ಲಿ ಕೂತಿರುತ್ತಿತ್ತು, ಕೇಳಿದಾಗ ಮಾತ್ರ ಬರೆಯಲಾಗುತ್ತಿತ್ತು. ಇಂದಿನ ಪೆಟ್ಟಿಗೆ ಕೇಳದೆಯೂ ದಿನವಿಡೀ ಬರೆಯುತ್ತಿರುತ್ತದೆ: ಯಾರು ಬಂದರು, ಯಾರನ್ನು ತಡೆದೆ, ಯಾವ ಯಂತ್ರಕ್ಕೆ ಯಾವ ವಿಳಾಸ ಕೊಟ್ಟೆ.

ಬರೆಯುವ ರೀತಿಯಲ್ಲೇ ಅಪಾಯ ಇರುವುದು. ದಿನಸಿ ಅಂಗಡಿಯವರು ವ್ಯಾಪಾರದ ಗಡಿಬಿಡಿಯಲ್ಲಿ ಎಲ್ಲವನ್ನೂ ಖಾತೆ ಪುಸ್ತಕಕ್ಕೆ ಏರಿಸುತ್ತ ಕೂರುವುದಿಲ್ಲ. ಕೈಗೆ ಸಿಕ್ಕ ಚೀಟಿಯಲ್ಲಿ ಗೀಚಿಟ್ಟು, ಬಿಡುವಾದಾಗ ಖಾತೆಗೆ ಹತ್ತಿಸುತ್ತಾರೆ. ಆಪರೇಟಿಂಗ್ ಸಿಸ್ಟಮ್ ಮಾಡುವುದೂ ಅದನ್ನೇ. ಬರೆಯಬೇಕಾದ್ದನ್ನು ಮೆಮೊರಿಯಲ್ಲಿಟ್ಟುಕೊಂಡು, ಫ್ರೀಬಿಎಸ್‌ಡಿಯಲ್ಲಾದರೆ ಸುಮಾರು ಅರ್ಧ ನಿಮಿಷದೊಳಗೆ, ಡಿಸ್ಕಿಗೆ ಇಳಿಸುತ್ತದೆ. ಆ ಅರ್ಧ ನಿಮಿಷದ ನಡುವೆ ಕರೆಂಟ್ ಹೋದರೆ ಚೀಟಿಗಳು ಗಾಳಿಗೆ ಹಾರಿದಂತೆ. ಅದಕ್ಕಿಂತ ಕೆಟ್ಟದ್ದೆಂದರೆ ಒಂದು ಖಾತೆಯಲ್ಲಿ ಖರ್ಚು ಬರೆದು ಇನ್ನೊಂದರಲ್ಲಿ ಜಮಾ ಬರೆಯುವ ಮೊದಲೇ ದೀಪ ಹೋಗುವುದು. ಮರುದಿನ ಪುಸ್ತಕ ತೆರೆದವರಿಗೆ ಲೆಕ್ಕ ಹೊಂದುವುದಿಲ್ಲ. ಯಾವ ಬರಹ ನಿಜ ಎಂದು ಹೇಳಲು ಪುಸ್ತಕಕ್ಕೇ ಗೊತ್ತಿರುವುದಿಲ್ಲ. ಯೂನಿಕ್ಸ್‌ನ ‘ಎಫ್‌ಎಸ್‌ಸಿಕೆ’ ಎಂಬ ಉಪಕರಣ ಇಂಥ ಪುಸ್ತಕವನ್ನು ಮೊದಲ ಪುಟದಿಂದ ತಾಳೆ ನೋಡಿ ಸರಿಮಾಡಲೆಂದೇ ಹುಟ್ಟಿದ್ದು. ಅದು ಪುಸ್ತಕವನ್ನು ಸರಿಮಾಡುತ್ತದೆ, ಹಾರಿಹೋದ ಚೀಟಿಯನ್ನು ಮರಳಿಸುವುದಿಲ್ಲ. ನನ್ನ ಸೊನ್ನೆ ಗಾತ್ರದ ಕಡತ ಹುಟ್ಟಿದ್ದು ಹೀಗೆ.

ಹಳೆಯ ಯೂನಿಕ್ಸ್ ಮಂದಿಗೊಂದು ರೂಢಿಯಿತ್ತು. ಯಂತ್ರ ನಿಲ್ಲಿಸುವ ಮೊದಲು ‘ಸಿಂಕ್’ ಎಂಬ ಆದೇಶವನ್ನು ಮೂರು ಸಲ ಬೇರೆಬೇರೆಯಾಗಿ ಟೈಪ್ ಮಾಡುತ್ತಿದ್ದರು. ಮೂರು ಸಲ ಯಾಕೆ? ಒಂದೇ ಸಾಕು. ಉಳಿದೆರಡನ್ನು ಟೈಪ್ ಮಾಡುವ ಹೊತ್ತಿನಲ್ಲಿ ಡಿಸ್ಕ್ ಬರೆದು ಮುಗಿಸಲಿ ಎಂದು. ಮಂತ್ರದಂತೆ ಕಾಣುವ ಆಚರಣೆಯ ಹೊಟ್ಟೆಯಲ್ಲಿ ಒಂದು ಕಾಯುವಿಕೆ ಇತ್ತು. ತೊಂಬತ್ತರ ದಶಕದ ಸೈಬರ್ ಕೆಫೆಗಳಲ್ಲಿ ಕೂತವರಿಗೆ ವಿಂಡೋಸ್ 95ರ ಕಪ್ಪು ಪರದೆಯ ಕಿತ್ತಳೆ ಅಕ್ಷರ ನೆನಪಿರಬಹುದು. ಈಗ ನೀವು ಯಂತ್ರ ಆರಿಸಬಹುದು, ಇನ್ನು ಭಯವಿಲ್ಲ ಎಂದು ಅದು ಅಪ್ಪಣೆ ಕೊಡುತ್ತಿತ್ತು. ಆಗಿನ ಗುಂಡಿ ನೇರವಾಗಿ ಕರೆಂಟನ್ನೇ ಕತ್ತರಿಸುತ್ತಿತ್ತು, ಆದ್ದರಿಂದ ಅಪ್ಪಣೆ ಬೇಕಿತ್ತು. 1996ರ ಕೊನೆಯಲ್ಲಿ ಎಸಿಪಿಐ ಎಂಬ ಒಪ್ಪಂದ ಬಂದ ಮೇಲೆ ಗುಂಡಿಯ ಅರ್ಥವೇ ಬದಲಾಯಿತು. ಒತ್ತಿದರೆ ಅದು ಆಪರೇಟಿಂಗ್ ಸಿಸ್ಟಮಿಗೆ ‘ಹೊರಡುವ ಹೊತ್ತಾಯಿತು’ ಎಂದು ಕಿವಿಯಲ್ಲಿ ಹೇಳುತ್ತದೆ ಅಷ್ಟೆ. ಫ್ರೀಬಿಎಸ್‌ಡಿಯಲ್ಲಿ ಯಾವ ಪಾಸ್‌ವರ್ಡೂ ಇಲ್ಲದೆ ಆ ಗುಂಡಿಯನ್ನು ಒಮ್ಮೆ ಮೆಲ್ಲಗೆ ಒತ್ತಿದರೆ ಸಾಕು, ವ್ಯವಸ್ಥೆ ಚೀಟಿಗಳನ್ನೆಲ್ಲ ಖಾತೆಗೆ ಹತ್ತಿಸಿ ಕ್ರಮವಾಗಿ ನಿಲ್ಲುತ್ತದೆ. ನಾಲ್ಕೈದು ಸೆಕೆಂಡು ಒತ್ತಿಹಿಡಿದರೆ ಮಾತ್ರ ಕತ್ತು ಹಿಚುಕಿದಂತೆ. ನಾನು ವೈರ್ ಬಿಡಿಸಿಟ್ಟಿದ್ದು ಇಂಥ ಗುಂಡಿಯದು.

ನಮ್ಮಲ್ಲಿ ‘ದೀಪ ಆರಿಸು’ ಅನ್ನುವುದಿಲ್ಲ. ‘ದೀಪ ದೊಡ್ಡದು ಮಾಡು’ ಅನ್ನುತ್ತೇವೆ, ಕೆಲವು ಕಡೆ ‘ಶಾಂತ ಮಾಡು’. ಮನೆಯಿಂದ ಹೊರಟವರು ‘ಹೋಗ್ತೀನಿ’ ಅಂದರೆ ಅಜ್ಜಿಯರು ಗದರುತ್ತಿದ್ದರು, ‘ಹೋಗಿಬರ್ತೀನಿ ಅನ್ನು’ ಎಂದು. ಇದರಲ್ಲಿ ಶಾಸ್ತ್ರ ಎಷ್ಟೋ, ಅಂಜಿಕೆ ಎಷ್ಟೋ. ಆದರೆ ಮತ್ತೆ ಬೆಳಗಬೇಕಾದ ದೀಪವನ್ನು, ಮತ್ತೆ ಬರಬೇಕಾದ ಮನುಷ್ಯನನ್ನು ಕಳಿಸುವ ರೀತಿ ಬೇರೆ ಎಂಬ ತಿಳಿವಳಿಕೆಯಂತೂ ಅದರಲ್ಲಿದೆ. ಶಟ್‌ಡೌನ್ ಎಂಬುದಕ್ಕೆ ನನ್ನ ತರಗತಿಯಲ್ಲಿ ನಾನು ಕೊಡುವ ಕನ್ನಡ ಅರ್ಥ ‘ಹೋಗಿಬರುತ್ತೇನೆ’ ಎಂದೇ. ಹುಡುಗರು ನಗುತ್ತಾರೆ, ಮರೆಯುವುದಿಲ್ಲ.

ಇದಕ್ಕೆ ಗಟ್ಟಿಯಾದ ಎದುರುವಾದವೊಂದಿದೆ, ಅದನ್ನು ತೇಲಿಸಿ ಬಿಡುವಂತಿಲ್ಲ. 2003ರಲ್ಲಿ ಸ್ಟ್ಯಾನ್‌ಫರ್ಡಿನ ಜಾರ್ಜ್ ಕ್ಯಾಂಡಿಯಾ ಮತ್ತು ಅರ್ಮಾಂಡೊ ಫಾಕ್ಸ್ ಒಂದು ಪ್ರಬಂಧ ಮಂಡಿಸಿದರು. ತಂತ್ರಾಂಶಕ್ಕೆ ನಿಲ್ಲುವ ದಾರಿ ಒಂದೇ ಇರಲಿ, ಅದು ದಿಢೀರ್ ಕುಸಿಯುವುದು. ಏಳುವ ದಾರಿಯೂ ಒಂದೇ ಇರಲಿ, ಅದು ಕುಸಿತದಿಂದ ಚೇತರಿಸಿಕೊಳ್ಳುವುದು. ಅವರ ತರ್ಕ ಸರಳ. ಹೇಗೂ ಒಂದಲ್ಲ ಒಂದು ದಿನ ಕುಸಿತ ತಪ್ಪಿದ್ದಲ್ಲ. ಅದನ್ನು ತಾಳಿಕೊಳ್ಳುವಂತೆ ಕಟ್ಟಲೇಬೇಕು. ಹಾಗೆ ಕಟ್ಟಿದ ಮೇಲೆ ಮರ್ಯಾದೆಯ ನಿಲುಗಡೆ ಎಂಬ ಇನ್ನೊಂದು ದಾರಿಯ ಹಂಗೇಕೆ? ಅಪರೂಪಕ್ಕೆ ಬಳಸುವ ಚೇತರಿಕೆಯ ದಾರಿ ತುಕ್ಕು ಹಿಡಿಯುತ್ತದೆ, ದಿನಾ ಬಳಸಿದರೆ ಗಟ್ಟಿಯಿರುತ್ತದೆ.

ಈ ವಾದದ ಮುಕ್ಕಾಲು ಪಾಲು ನನಗೆ ಒಪ್ಪಿಗೆ. ದಿನಕ್ಕೆರಡು ಸಲ ಕರೆಂಟ್ ಹೋಗುವ ಊರಿನಲ್ಲಿ ಪೆಟ್ಟಿಗೆಯೊಂದನ್ನು ಇಟ್ಟು, ಅದು ಯಾವಾಗಲೂ ಕ್ರಮವಾಗಿಯೇ ನಿಲ್ಲುತ್ತದೆ ಎಂದು ನಂಬಿಕೊಳ್ಳುವುದು ಹಗಲುಗನಸು. ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆ 2005ರಲ್ಲಿ ಹೊರಬಿಟ್ಟ ಝಡ್‌ಎಫ್‌ಎಸ್ ಕಡತ ವ್ಯವಸ್ಥೆ ಇದೇ ದಿಕ್ಕಿನ ಹೆಜ್ಜೆ. ಅದು ಹಳೆಯ ಬರಹದ ಮೇಲೆ ಬರೆಯುವುದೇ ಇಲ್ಲ. ಹೊಸ ಜಾಗದಲ್ಲಿ ಪೂರ್ತಿ ಬರೆದು ಮುಗಿಸಿ, ಕೊನೆಗೆ ಒಂದೇ ಏಟಿಗೆ ‘ಇನ್ನು ಮೇಲೆ ಇದೇ ನಿಜ’ ಎಂದು ಗುರುತು ಬದಲಿಸುತ್ತದೆ. ನಡುವೆ ಕರೆಂಟ್ ಹೋದರೆ ಹಳೆಯದು ಇದ್ದ ಹಾಗೇ ಇರುತ್ತದೆ. 2017ರಲ್ಲಿ ಬಂದ ಪಿಎಫ್‌ಸೆನ್ಸ್‌ನ 2.4 ಆವೃತ್ತಿಯಿಂದ ಇದನ್ನು ಆರಿಸಿಕೊಳ್ಳಬಹುದು. ನನ್ನ ಪೆಟ್ಟಿಗೆ ಮಾತ್ರ ಹಳೆಯ ಯುಎಫ್‌ಎಸ್ ಕಡತ ವ್ಯವಸ್ಥೆಯ ಮೇಲೆಯೇ ಕೂತಿತ್ತು. ಬದಲಿಸಬೇಕೆಂದು ಎರಡು ವರ್ಷದಿಂದ ಅಂದುಕೊಳ್ಳುತ್ತಲೇ ಇದ್ದೆ.

ಒಪ್ಪದ ಕಾಲುಭಾಗ ಇದು. ತಂತ್ರಾಂಶ ಎಷ್ಟೇ ಜಾಣವಾದರೂ ಅದರ ಕೆಳಗಿರುವ ಡಿಸ್ಕ್ ಪ್ರಾಮಾಣಿಕವಾಗಿರಬೇಕಲ್ಲ? 2013ರಲ್ಲಿ ಸಂಶೋಧಕರ ತಂಡವೊಂದು ಐದು ತಯಾರಕರ 15 ಎಸ್‌ಎಸ್‌ಡಿಗಳನ್ನು ಸಾಲಾಗಿಟ್ಟು, ಬರೆಯುತ್ತಿದ್ದಾಗಲೇ ಮೂರು ಸಾವಿರಕ್ಕೂ ಹೆಚ್ಚು ಸಲ ಕರೆಂಟ್ ಕಿತ್ತು ನೋಡಿತು. 13 ಡಿಸ್ಕ್‌ಗಳು ಒಂದಲ್ಲ ಒಂದು ರೀತಿ ಎಡವಿದವು. ಕೆಲವು ಅರ್ಧ ಬರೆದಿದ್ದವು, ಕೆಲವು ಬರೆದಾಯಿತು ಎಂದು ಹೇಳಿ ಬರೆದಿರಲಿಲ್ಲ, ಪೂರಾ ಸತ್ತದ್ದೂ ಉಂಟು. ದುಬಾರಿ ಡಿಸ್ಕ್‌ಗಳಲ್ಲಿ ಕರೆಂಟ್ ಹೋದ ಮೇಲೂ ಕ್ಷಣಕಾಲ ಉಸಿರು ಹಿಡಿಯಲು ಕೆಪಾಸಿಟರ್ ಇರುತ್ತದೆ. ಅಗ್ಗದ ಪೆಟ್ಟಿಗೆಯೊಳಗಿನ ಫ್ಲ್ಯಾಶ್ ಚಿಪ್ಪಿಗೆ ಅಂಥ ಭಾಗ್ಯವಿರುವುದಿಲ್ಲ. ಹಾಗಾಗಿ ನನ್ನ ನಿಲುವು ಹೀಗೆ: ಕುಸಿತ ತಾಳುವಂತೆ ಕಟ್ಟುವುದು ಮೊದಲ ಕರ್ತವ್ಯ, ಅದು ಕಟ್ಟಿದವರದು. ಕ್ರಮವಾಗಿ ನಿಲ್ಲಿಸುವುದು ಎರಡನೆಯದು, ಅದು ಬಳಸುವವರದು. ಮೊದಲನೆಯದನ್ನು ಮಾಡದವನಿಗೆ ಎರಡನೆಯದರ ಬಗ್ಗೆ ಯಾರನ್ನೂ ಗದರುವ ಹಕ್ಕಿಲ್ಲ.

ಡಿಸ್ಕಿನ ಮಾತು ಹಾಗಿರಲಿ. ಪೆಟ್ಟಿಗೆ ಕ್ರಮವಾಗಿ ನಿಂತರೂ ಕಳೆದುಹೋಗುವ ಸಂಗತಿಗಳಿವೆ. ಯಾವ ಸಂಪರ್ಕ ಒಳಗಿನಿಂದ ಶುರುವಾಯಿತು, ಯಾವ ಉತ್ತರಕ್ಕೆ ದಾರಿ ಬಿಡಬೇಕು ಎಂಬ ಪಟ್ಟಿ ಮೆಮೊರಿಯಲ್ಲೇ ಇರುತ್ತದೆ. ನಿಂತೊಡನೆ ಆ ಪಟ್ಟಿ ಮಾಯ. ನಡೆಯುತ್ತಿದ್ದ ವಿಡಿಯೊ ಪಾಠ, ಅರ್ಧ ಇಳಿದಿದ್ದ ಕಡತ ಎಲ್ಲ ಕತ್ತರಿಸಿ ಬೀಳುತ್ತವೆ. ಎರಡು ಪೆಟ್ಟಿಗೆ ಇಟ್ಟುಕೊಂಡವರು ಈ ಪಟ್ಟಿಯನ್ನು ಪರಸ್ಪರ ಹಂಚಿಕೊಳ್ಳುವಂತೆ ಮಾಡುತ್ತಾರೆ. ಓಪನ್‌ಬಿಎಸ್‌ಡಿ ಬಳಗ 2004ರಲ್ಲಿ ಕೊಟ್ಟ ಕಾರ್ಪ್ ಎಂಬ ಪದ್ಧತಿಯಲ್ಲಿ ಒಂದು ಕೂತರೆ ಇನ್ನೊಂದು ಅದೇ ವಿಳಾಸದಲ್ಲಿ ಎದ್ದು ನಿಲ್ಲುತ್ತದೆ. ಅದು ದುಡ್ಡಿದ್ದವರ ಮಾತು, ತಾಲ್ಲೂಕು ಕೇಂದ್ರದ ಕಾಲೇಜಿಗೆ ಒಂದಕ್ಕೇ ಅನುದಾನ ಹುಡುಕಬೇಕು.

ಪೆಟ್ಟಿಗೆ ಬರೆದಿಡುವ ದಿನಚರಿಯ, ಅಂದರೆ ಲಾಗ್‌ಗಳ ಮಾತು ಮಾತ್ರ ಬಡವ ಬಲ್ಲಿದರಿಬ್ಬರಿಗೂ ಅನ್ವಯಿಸುತ್ತದೆ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಕಂಪನಿಗಳು, ಸರ್ಕಾರಿ ಸಂಸ್ಥೆಗಳು 180 ದಿನಗಳ ಲಾಗ್‌ಗಳನ್ನು ಕಾಪಾಡಿಕೊಳ್ಳಬೇಕು. ಸೈಬರ್ ಅವಘಡವಾದರೆ ಗಮನಕ್ಕೆ ಬಂದ 6 ಗಂಟೆಯೊಳಗೆ ತಿಳಿಸಬೇಕು. ಈಗ ಒಂದು ತಮಾಷೆ ನೋಡಿ. ಫ್ಲ್ಯಾಶ್ ಸವೆಯದಿರಲಿ ಎಂದು ಅನೇಕರು ಲಾಗ್‌ಗಳನ್ನು ಡಿಸ್ಕಿಗೆ ಬರೆಸದೆ ಮೆಮೊರಿಯಲ್ಲೇ ಇಡಿಸುತ್ತಾರೆ. ಪಿಎಫ್‌ಸೆನ್ಸ್ ಇದಕ್ಕೆ ಅವಕಾಶ ಕೊಡುತ್ತದೆ, ಕ್ರಮವಾಗಿ ನಿಲ್ಲಿಸಿದಾಗ ಅವನ್ನು ಡಿಸ್ಕಿಗೆ ಇಳಿಸಿಯೇ ಹೊರಡುತ್ತದೆ. ಪ್ಲಗ್ ಕಿತ್ತರೆ ಇಳಿಸುವುದೆಲ್ಲಿ? ಯಾವ ದಿನ ಯಾರೋ ಒಳನುಗ್ಗಿ ಏನೋ ಎಡವಟ್ಟಾಗಿ, ಗಾಬರಿಯಲ್ಲಿ ವೈರ್ ಕೀಳುತ್ತೇವೋ, ಆ ದಿನದ ಸಾಕ್ಷಿಯನ್ನೇ ನಾವು ಅಳಿಸಿರುತ್ತೇವೆ. ಲಾಗ್‌ಗಳು ಹುಟ್ಟಿದೊಡನೆ ಇನ್ನೊಂದು ಯಂತ್ರಕ್ಕೆ ಹೋಗುವಂತೆ ಮಾಡುವುದು ಇದಕ್ಕಿರುವ ಪರಿಹಾರ. ಹಳೆಯ ಕಂಪ್ಯೂಟರೊಂದಿದ್ದರೆ ಖರ್ಚಿಲ್ಲ.

ಆದರೆ ನನ್ನ ಅನುಭವದಲ್ಲಿ ಫೈರ್‌ವಾಲ್ ನಿಂತಾಗಿನ ದೊಡ್ಡ ಅಪಾಯ ಪೆಟ್ಟಿಗೆಯ ಒಳಗಿಲ್ಲ, ಎದುರಿಗೆ ನಿಂತ ಮನುಷ್ಯರಲ್ಲಿದೆ. ಆ ಸೋಮವಾರ ಹನ್ನೊಂದು ಗಂಟೆಗೆ ಕಚೇರಿಯ ಗುಮಾಸ್ತರೊಬ್ಬರು ಬಂದು ಕೇಳಿದರು: ‘ಸಾರ್, ಆ ಮೋಡೆಮ್ ವೈರ್ ತಗೊಂಡು ಸೀದಾ ಸ್ವಿಚ್ಚಿಗೇ ಹಾಕ್ಬಿಟ್ರೆ ನೆಟ್ ಬರಲ್ವಾ?’ ಬರುತ್ತದೆ. ಅದೇ ತೊಂದರೆ. ಊರ ಅಗಸೆಯ ಬಾಗಿಲು ಕೆಟ್ಟು ಮುಚ್ಚಿಕೊಂಡರೆ ಜನ ದಿನವಿಡೀ ಹೊರಗೆ ಕಾಯುವುದಿಲ್ಲ, ಪಕ್ಕದ ಗೋಡೆ ಒಡೆದು ದಾರಿ ಮಾಡಿಕೊಳ್ಳುತ್ತಾರೆ. ಬಾಗಿಲು ರಿಪೇರಿಯಾದ ಮೇಲೂ ಆ ಕಿಂಡಿ ಇದ್ದೇ ಇರುತ್ತದೆ. ‘ಇವತ್ತೊಂದಿನ’ ಎಂದು ಹಾಕಿದ ವೈರು ಎರಡು ವರ್ಷವಾದರೂ ಹಾಗೇ ಉಳಿದಿದ್ದನ್ನು ಬೇರೆ ಕಡೆ ಕಣ್ಣಾರೆ ಕಂಡಿದ್ದೇನೆ. ಪೆಟ್ಟಿಗೆ ಚೆನ್ನಾಗಿಯೇ ಓಡುತ್ತಿತ್ತು, ಎಲ್ಲ ದೀಪಗಳೂ ಹಸಿರು. ಅದರ ಮೂಲಕ ಯಾರೂ ಹಾಯುತ್ತಿರಲಿಲ್ಲ ಅಷ್ಟೆ. ದೊಡ್ಡ ಸಂಸ್ಥೆಗಳ ಕೆಲವು ಪೆಟ್ಟಿಗೆಗಳಲ್ಲಂತೂ ಈ ಕಿಂಡಿಯನ್ನು ತಯಾರಕರೇ ಇಟ್ಟಿರುತ್ತಾರೆ. ಕರೆಂಟ್ ಹೋದೊಡನೆ ಒಳಗಿನ ರಿಲೇ ಬಿದ್ದು ಎರಡು ಪೋರ್ಟ್‌ಗಳನ್ನು ಬರಿಯ ತಂತಿಯಂತೆ ಜೋಡಿಸಿಬಿಡುತ್ತದೆ. ತಪಾಸಣೆ ಇಲ್ಲ, ಸಂಚಾರ ಮಾತ್ರ ಸರಾಗ. ಎಲ್ಲಿ ಸಂಪರ್ಕ ಕಡಿಯುವುದೇ ಹೆಚ್ಚು ಅನಾಹುತವೋ ಅಲ್ಲಿ ಇದು ಬೇಕಾಗಬಹುದು. ಆದರೆ ನಿಮ್ಮ ಪೆಟ್ಟಿಗೆ ನಿಂತಾಗ ಬಾಗಿಲು ಮುಚ್ಚುತ್ತದೋ ಹಾರುಹೊಡೆಯುತ್ತದೋ ಎಂಬುದನ್ನು ನಿಲ್ಲಿಸುವ ಮೊದಲು ತಿಳಿದಿರಬೇಕು, ನಿಂತ ಮೇಲಲ್ಲ.

ಹಾಗಾದರೆ ನಿಲ್ಲಿಸುವ ಗೋಜೇ ಬೇಡ, ಸದಾ ಓಡುತ್ತಿರಲಿ ಎನ್ನುವ ಒಂದು ಗುಂಪಿದೆ. ಆ ಗುಂಪಿನಲ್ಲಿ ನಾನೂ ಇದ್ದೆ. ನಮ್ಮ ಪೆಟ್ಟಿಗೆ ಇಷ್ಟು ನೂರು ದಿನದಿಂದ ಒಮ್ಮೆಯೂ ನಿಂತಿಲ್ಲ ಎಂದು ಮದುವೆಮನೆಯಲ್ಲಿ ಮಗನ ಸಂಬಳ ಹೇಳುವ ಹಾಗೆ ಹೇಳಿಕೊಂಡು ತಿರುಗುತ್ತಿದ್ದೆ. ಅದರ ನಿಜವಾದ ಅರ್ಥ, ಇಷ್ಟು ನೂರು ದಿನದಿಂದ ಮರುಚಾಲನೆ ಬೇಡುವ ಒಂದು ಸುರಕ್ಷತಾ ತಿದ್ದುಪಡಿಯನ್ನೂ ಹಾಕಿಲ್ಲ ಎಂದು. ಇದಕ್ಕಿಂತ ಮೋಜಿನ ಪ್ರಕರಣ 2017ರ ಮಾರ್ಚಿನದು. ಸಿಸ್ಕೊ ತನ್ನ ಎಎಸ್‌ಎ ಫೈರ್‌ವಾಲ್‌ಗಳ ಕೆಲವು ಆವೃತ್ತಿಗಳಿಗೆ ಎಚ್ಚರಿಕೆ ಹೊರಡಿಸಿತು. ಅವು ಸತತ 213 ದಿನ ಓಡಿದರೆ ಸಂಚಾರವನ್ನೇ ನಿಲ್ಲಿಸಿಬಿಡುತ್ತಿದ್ದವು. ತಿದ್ದಿದ ತಂತ್ರಾಂಶ ಬರುವವರೆಗೆ ಉಪಾಯ ಏನೆಂದರೆ, 213 ತುಂಬುವ ಮೊದಲೇ ಒಮ್ಮೆ ಮರುಚಾಲನೆ ಮಾಡುವುದು. ವಿಮಾನಗಳಿಗೂ ಈ ರೋಗ ತಪ್ಪಿಲ್ಲ. 2015ರಲ್ಲಿ ಅಮೆರಿಕದ ವಿಮಾನಯಾನ ಪ್ರಾಧಿಕಾರ ಬೋಯಿಂಗ್ 787ರ ಬಗ್ಗೆ ಇಂಥದೇ ಆದೇಶ ಹೊರಡಿಸಿತು. ಅದರ ಜನರೇಟರ್ ನಿಯಂತ್ರಕಗಳು 248 ದಿನ ನಿರಂತರ ಓಡಿದರೆ ಎಣಿಕೆ ತುಂಬಿ ಚೆಲ್ಲಿ ತಾವೇ ಕೂತುಬಿಡುವ ಸಾಧ್ಯತೆಯಿತ್ತು.

ಅದೇ 2017ರ ಫೆಬ್ರವರಿಯಲ್ಲಿ ಇನ್ನೊಂದು ಸುದ್ದಿ ಬಂದಿತ್ತು. ಅನೇಕ ಫೈರ್‌ವಾಲ್‌ಗಳ ಒಳಗಿದ್ದ ಇಂಟೆಲ್ ಆಟಮ್ ಸಿ2000 ಸರಣಿಯ ಚಿಪ್ಪಿನಲ್ಲಿ ಗಡಿಯಾರ ಸಂಕೇತದ ದೋಷ. ಸಿಸ್ಕೊ ಹೇಳಿದ ಪ್ರಕಾರ ಸುಮಾರು 18 ತಿಂಗಳು ಓಡಿದ ಮೇಲೆ ಕೆಡುವ ಸಂಭವ ಏರುತ್ತಿತ್ತು, ಕೆಟ್ಟದ್ದು ಮತ್ತೆ ಬೂಟ್ ಆಗುತ್ತಿರಲಿಲ್ಲ. ಇಂಥ ಸುದ್ದಿ ಓದಿದವರಿಗೆ ‘ಓಡುತ್ತಿರುವುದನ್ನು ಮುಟ್ಟಬೇಡ’ ಅನ್ನಿಸುವುದು ಸಹಜ. ನನಗೆ ತೋಚುವುದು ಅದರ ತಿರುವುಮುರುವು. ಏಳದ ಪೆಟ್ಟಿಗೆ ಏಳದೇ ಹೋಗುವುದು ಖಂಡಿತವಾದರೆ, ಅದು ನಾನು ಆರಿಸಿಕೊಂಡ ಭಾನುವಾರ ಬೆಳಿಗ್ಗೆ, ಕೈಯಲ್ಲಿ ಹೊಸ ಬ್ಯಾಕಪ್, ಪಕ್ಕದಲ್ಲಿ ಬದಲಿ ಕಂಪ್ಯೂಟರ್ ಇರುವಾಗ ಆಗಲಿ. ಪರೀಕ್ಷಾ ಶುಲ್ಕ ಕಟ್ಟುವ ಕೊನೆಯ ದಿನ ಟ್ರಾನ್ಸ್‌ಫಾರ್ಮರ್ ಸಿಡಿದಾಗ ಬೇಡ. ವರ್ಷಕ್ಕೆರಡು ಸಲವಾದರೂ ಪೆಟ್ಟಿಗೆಯನ್ನು ಉದ್ದೇಶಪೂರ್ವಕವಾಗಿ ನಿಲ್ಲಿಸಿ ಎಬ್ಬಿಸಬೇಕು ಎಂಬುದು ಈಗ ನನ್ನ ಮತ. ಎಬ್ಬಿಸಿ ನೋಡಿದಾಗಲೇ ಗೊತ್ತಾಗುವ ಸಣ್ಣ ಸತ್ಯಗಳಿರುತ್ತವೆ. ಮದರ್‌ಬೋರ್ಡಿನ ನಾಣ್ಯದಾಕಾರದ ಬ್ಯಾಟರಿ ಸತ್ತಿರುತ್ತದೆ, ಗಡಿಯಾರ ಹತ್ತು ವರ್ಷ ಹಿಂದಕ್ಕೆ ಹೋಗಿರುತ್ತದೆ, ಅದರಿಂದ ಪ್ರಮಾಣಪತ್ರಗಳೆಲ್ಲ ಇನ್ನೂ ಹುಟ್ಟಿಯೇ ಇಲ್ಲ ಎಂದು ಯಂತ್ರ ಹಟ ಹಿಡಿಯುತ್ತದೆ. ಸಿಸ್ಕೊ ಬಳಸುವವರಿಗೆ ಇನ್ನೊಂದು ಆಘಾತ ಕಾದಿರುತ್ತದೆ. ಓಡುತ್ತಿರುವ ಸಂರಚನೆ ಬೇರೆ, ಉಳಿಸಿಟ್ಟ ಸಂರಚನೆ ಬೇರೆ. ಎರಡು ವರ್ಷದ ಹಿಂದೆ ಯಾರೋ ಮಾಡಿ ಉಳಿಸಲು ಮರೆತ ಬದಲಾವಣೆ ಅಂದು ಆವಿಯಾಗಿರುತ್ತದೆ, ಮಾಡಿದವರು ವರ್ಗವಾಗಿ ಹೋಗಿರುತ್ತಾರೆ.

ನಿಲ್ಲಿಸುವ ಕೆಲಸದಲ್ಲೂ ಎಡವುವ ಕಲ್ಲುಗಳಿವೆ. ಪಿಎಫ್‌ಸೆನ್ಸ್‌ನ ಕನ್ಸೋಲ್ ಪಟ್ಟಿಯಲ್ಲಿ 4 ಒತ್ತಿದರೆ ಕಾರ್ಖಾನೆಯಿಂದ ಬಂದ ಸ್ಥಿತಿಗೆ ಹೋಗುವುದು, 5 ಮರುಚಾಲನೆ, 6 ಪೂರ್ಣ ನಿಲುಗಡೆ. ಹುಟ್ಟು, ಮರುಹುಟ್ಟು, ಸಾವು ಮೂರನ್ನೂ ಒಂದೇ ಸಾಲಿನಲ್ಲಿ ಕೂರಿಸಿದ ರಸಿಕ ಯಾರೋ! ದೂರದಿಂದ ವಿಪಿಎನ್ ಮೂಲಕ ಒಳಹೊಕ್ಕು 5ರ ಬದಲು 6 ಒತ್ತಿ ಖಾತ್ರಿ ಮಾಡಿದರೆ ಮುಗಿಯಿತು, ಎಬ್ಬಿಸಲು ಬಸ್ಸು ಹತ್ತಿಕೊಂಡೇ ಹೋಗಬೇಕು. ಇನ್ನು ‘ಹಾಲ್ಟ್’ ಆದ ಮೇಲೆ ಎಲ್ಲ ಯಂತ್ರಗಳೂ ತಾವಾಗಿ ಕರೆಂಟ್ ಕಡಿದುಕೊಳ್ಳುವುದಿಲ್ಲ. ಕೆಲವು ಫ್ರೀಬಿಎಸ್‌ಡಿ ಯಂತ್ರಗಳು, ವ್ಯವಸ್ಥೆ ನಿಂತಿದೆ, ಮರುಚಾಲನೆಗೆ ಯಾವುದಾದರೂ ಕೀಲಿ ಒತ್ತಿ ಎಂಬ ಸಾಲು ತೋರಿಸಿ ಕೂರುತ್ತವೆ. ಪರದೆಯಿಲ್ಲದ ಪೆಟ್ಟಿಗೆಯಲ್ಲಿ ಈ ಸಾಲು ಓದುವವರಾರು? ಫ್ಯಾನ್ ಇನ್ನೂ ತಿರುಗುತ್ತಿದೆ, ನಿಂತಿಲ್ಲವೇನೋ ಎಂದು ಗಂಟೆಗಟ್ಟಲೆ ಕಾದವರಿದ್ದಾರೆ.

ಯುಪಿಎಸ್ ಇದ್ದರೆ ಚಿಂತೆಯಿಲ್ಲ ಎಂಬುದೂ ಅರೆಸತ್ಯ. ಕರೆಂಟ್ ಹೋಯಿತು, ಬ್ಯಾಟರಿ ಹತ್ತು ನಿಮಿಷ ಎಳೆಯಿತು, ಆಮೇಲೆ ಅದೂ ಕೈಚೆಲ್ಲಿತು. ಪೆಟ್ಟಿಗೆಯ ಪಾಲಿಗೆ ಇದು ಹತ್ತು ನಿಮಿಷ ತಡವಾಗಿ ಪ್ಲಗ್ ಕಿತ್ತಂತೆ, ಬೇರೇನಲ್ಲ. ಯುಪಿಎಸ್‌ನಿಂದ ಒಂದು ಯುಎಸ್‌ಬಿ ವೈರ್ ಎಳೆದು, ಬ್ಯಾಟರಿ ಇಳಿಯುತ್ತಿದೆ ಎಂದು ಪೆಟ್ಟಿಗೆಗೆ ತಿಳಿಯುವಂತೆ ಮಾಡಿದರೆ ಅದು ತಾನಾಗಿ ಕ್ರಮವಾಗಿ ನಿಲ್ಲುತ್ತದೆ. ನಟ್ ಎಂಬ ಮುಕ್ತ ತಂತ್ರಾಂಶ ಈ ಮಾತುಕತೆಗೆಂದೇ ಇದೆ. ನಮ್ಮ ಕಚೇರಿಗಳ ಯುಪಿಎಸ್‌ಗಳ ಹಿಂಬದಿಯ ಆ ಯುಎಸ್‌ಬಿ ಕಿಂಡಿಯಲ್ಲಿ ನಾನು ಹೆಚ್ಚಾಗಿ ಕಂಡದ್ದು ಜೇಡರ ಬಲೆ.

ಈಗ ನನ್ನ ಮೂಲ ಮಾತಿಗೆ ಬರುತ್ತೇನೆ. ಯಾರ ಕೈಗೆ ಪ್ಲಗ್ ಎಟುಕುತ್ತದೋ ಅವರ ಕೈಗೆ ಕ್ರಮದ ನಿಲುಗಡೆಯೂ ಎಟುಕಬೇಕು. ಇದಕ್ಕೆ ಅಡ್ಮಿನ್‌ಗಳು ಕೊಡುವ ಉತ್ತರ ಗೊತ್ತಿದೆ: ಎಲ್ಲರಿಗೂ ನಿಲ್ಲಿಸುವ ಅಧಿಕಾರ ಕೊಟ್ಟರೆ ಭದ್ರತೆ ಏನಾಗಬೇಕು? ಸ್ವಾಮಿ, ಆ ಅಧಿಕಾರ ಅವರ ಕೈಯಲ್ಲಿ ಆಗಲೇ ಇದೆ. ಗೋಡೆಯ ಸಾಕೆಟ್ ಯಾವ ಪಾಸ್‌ವರ್ಡನ್ನೂ ಕೇಳುವುದಿಲ್ಲ. ಗುಂಡಿ ಕಿತ್ತಿಟ್ಟರೆ ಅಧಿಕಾರ ಕಡಿಮೆಯಾಗುವುದಿಲ್ಲ, ಅದನ್ನು ಸೌಮ್ಯವಾಗಿ ಚಲಾಯಿಸುವ ದಾರಿ ಮಾತ್ರ ಮುಚ್ಚಿಹೋಗುತ್ತದೆ. ಹುಡುಗರ ಕಾಟದ ಭಯವಿದ್ದರೆ ರ್‍ಯಾಕಿಗೆ ಬಾಗಿಲು ಹಾಕಿ ಬೀಗ ಹಾಕಿ, ಬೀಗದ ಕೈ ಕೊನೆಗೆ ಮನೆಗೆ ಹೋಗುವವರ ಗೊಂಚಲಿನಲ್ಲಿರಲಿ. ನಮ್ಮ ಸಂಸ್ಥೆಗಳಲ್ಲಿ ಕೊನೆಗೆ ಹೋಗುವವರು ಯಾವತ್ತೂ ಅಡ್ಮಿನ್ ಅಲ್ಲ. ಅಟೆಂಡರು, ಕಾವಲುಗಾರರು, ಕಸ ಗುಡಿಸುವವರು. ಇಡೀ ಕಟ್ಟಡದ ಬೀಗ ಅವರಿಗೆ ಒಪ್ಪಿಸಲು ನಂಬಿಕೆಯಿದೆ, ಒಂದು ಗುಂಡಿ ತೋರಿಸಿಕೊಡಲು ಇಲ್ಲವೇ? ಕೈಪಿಡಿಗಳೋ, ಒಂದೂ ಅವರಿಗಾಗಿ ಬರೆದದ್ದಲ್ಲ. ನೂರಾರು ಪುಟಗಳ ಇಂಗ್ಲಿಷ್ ಪಿಡಿಎಫ್‌ನಲ್ಲಿ ಎಲ್ಲೋ ಹೂತಿರುವ ಎರಡು ಸಾಲನ್ನು ಹೊರತೆಗೆದು, ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಪೆಟ್ಟಿಗೆಯ ನೆತ್ತಿಗೆ ಅಂಟಿಸುವ ಕೆಲಸ ನಮ್ಮದು.

ನಾನು ಗುಂಡಿಯ ವೈರನ್ನು ಮತ್ತೆ ಜೋಡಿಸಿದೆ. ಹೊಸ ಡಿಸ್ಕ್ ಹಾಕಿ ಝಡ್‌ಎಫ್‌ಎಸ್‌ಗೆ ಬದಲಿಸಿದೆ. ಬ್ಯಾಕಪ್ ದಿನಾ ರಾತ್ರಿ ತಾನಾಗಿ ಇನ್ನೊಂದು ಯಂತ್ರಕ್ಕೆ ಹೋಗುತ್ತದೆ. ಪೆಟ್ಟಿಗೆಯ ಮೇಲೆ ಚೀಟಿ ಅಂಟಿಸಿದೆ: ‘ಗುಡುಗು ಬಂದರೆ ಈ ಗುಂಡಿಯನ್ನು ಒಂದು ಸಲ ಒತ್ತಿ. ಒತ್ತಿ ಹಿಡಿಯಬೇಡಿ. ದೀಪ ಆರಿ ಫ್ಯಾನ್ ಸದ್ದು ನಿಲ್ಲುವವರೆಗೆ ಕಾಯಿರಿ. ಆಮೇಲೆ ಪ್ಲಗ್ ಕೀಳಿ.’ ಅಟೆಂಡರ್ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ‘ಸಾರ್, ಕರೆಂಟ್ ವೈರ್ ಮಾತ್ರ ಬರ್ದಿದೀರಿ. ಆಫೀಸ್ ಬ್ಲಾಕಿಂದ ಹೊರಗಡೆನೇ ಎಳ್ಕೊಂಡ್ ಬಂದಿರೋ ಈ ನೀಲಿ ವೈರಲ್ಲಿ ಸಿಡ್ಲು ಬರಲ್ವಾ?’ ಬರುತ್ತದೆ. ಎರಡು ಕಟ್ಟಡಗಳ ನಡುವೆ ಬಯಲಲ್ಲಿ ಎಳೆದ ತಾಮ್ರದ ನೆಟ್‌ವರ್ಕ್ ಕೇಬಲ್ ಸಿಡಿಲಿಗೆ ರಾಜಮಾರ್ಗ. ಅಲ್ಲಿ ಫೈಬರ್ ಹಾಕಬೇಕಿತ್ತು. ಅದು ನನಗೆ ಗೊತ್ತಿದ್ದ ವಿಷಯ, ಅವರಿಗೆ ಹೊಳೆದ ವಿಷಯ. ಚೀಟಿಯ ಕೆಳಗೆ ನೀಲಿ ವೈರಿನ ಸಾಲನ್ನು ಅವರೇ ಪೆನ್ನಿನಲ್ಲಿ ಸೇರಿಸಿದರು.

ಆ ಮೆಮೊ ಇನ್ನೂ ಅವರ ಸೇವಾ ಕಡತದಲ್ಲಿದೆ. ಅದನ್ನು ಹಿಂಪಡೆಯಬೇಕೆಂದು, ಗುಂಡಿಯ ವೈರ್ ಬಿಡಿಸಿದ್ದು ನಾನೇ ಎಂದು ಬರೆದು ಸಹಿ ಹಾಕಿದ ಪತ್ರ ಕೊಟ್ಟು ಏಳು ತಿಂಗಳಾಯಿತು. ಅವರು ಬರುವ ಮಾರ್ಚಿಗೆ ನಿವೃತ್ತರಾಗುತ್ತಾರೆ.